ಸೊಪ್ಪಿನ ಲೆಕ್ಕ

(ಮೈಸೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಪೋಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಲಾಗಿದೆ.)

ಗಾಂಜಾ ಒಂದನ್ನೇ ಸೇದಿ ಉಸಿರು ನಿಂತು ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಮಾತನ್ನು ಬೇಕೆಂದೇ ಇಲ್ಲಿಂದ ಶುರು ಮಾಡುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತ ಹುಡುಗರಿಗೆ ಇದು ಗೊತ್ತು, ಮುಂದಿನ ಸಾಲಿನ ಪೋಷಕರಿಗೆ ಗೊತ್ತಿಲ್ಲ. ವೇದಿಕೆ ಮೇಲೆ ನಿಂತವರು "ಒಂದು ದಮ್ಮು ಎಳೆದರೆ ಮುಗೀತು, ಸಾವೇ ಗತಿ" ಎಂದಾಗ ಹಿಂದಿನ ಸಾಲು ಒಳಗೊಳಗೇ ನಗುತ್ತದೆ. ರಾತ್ರಿ ಪಕ್ಕದ ಮಂಚದಲ್ಲಿ ಸೇದಿದವನು ಬೆಳಿಗ್ಗೆ ಎದ್ದು ಮೆಸ್ಸಿನಲ್ಲಿ ಇಡ್ಲಿ ತಿಂದು ಕ್ಲಾಸಿಗೆ ಬಂದದ್ದನ್ನು ಅವರು ನೋಡಿದ್ದಾರೆ. ಆ ಒಂದು ಉತ್ಪ್ರೇಕ್ಷೆಯಿಂದ ಆಮೇಲೆ ಹೇಳುವ ನಿಜಗಳೂ ಬಿದ್ದುಹೋಗುತ್ತವೆ.

ಸಾಯದಿರುವುದಕ್ಕೆ ಕಾರಣವಿದೆ. ಹೆರಾಯಿನ್‌ನಂಥ ಅಫೀಮಿನ ಜಾತಿಯ ವಸ್ತುಗಳು ಉಸಿರಾಟ ನಡೆಸುವ ಮೆದುಳಿನ ಕಾಂಡದ ಮೇಲೇ ಕೆಲಸ ಮಾಡುತ್ತವೆ. ಪ್ರಮಾಣ ಮೀರಿದರೆ ಉಸಿರು ನಿಲ್ಲುತ್ತದೆ. ಗಾಂಜಾದ ಅಮಲು ಪದಾರ್ಥಕ್ಕೆ ಸಿಕ್ಕಿಕೊಳ್ಳುವ ಕೊಂಡಿಗಳು ಆ ಜಾಗದಲ್ಲಿ ತೀರಾ ವಿರಳ. ಅವು ದಟ್ಟವಾಗಿರುವ ಜಾಗಗಳನ್ನು ಕೇಳಿ: ಹೊಸದನ್ನು ನೆನಪಿಗೆ ಇಳಿಸುವ ಹಿಪ್ಪೊಕ್ಯಾಂಪಸ್, ಮುಂದಾಲೋಚನೆ ಮಾಡುವ ಹಣೆಯ ಹಿಂದಿನ ಮೆದುಳು, ಮೈಯ ಹಿಡಿತ ನೋಡಿಕೊಳ್ಳುವ ಕಿರುಮೆದುಳು, ಭಯವನ್ನು ತೂಗುವ ಅಮಿಗ್ಡಲ. ಊರಿನಿಂದ ಟ್ರಂಕು ಹಿಡಿದುಕೊಂಡು ಓದಲು ಬಂದ ಹುಡುಗ ಹುಡುಗಿಯರ ಬಂಡವಾಳವೇ ಇದು. ಇವತ್ತಿನ ಲೆಕ್ಕ ಈ ಬಂಡವಾಳದ್ದು.

ಮೊದಲು ವಸ್ತುವಿನ ಪರಿಚಯ. ಗಿಡ ಒಂದೇ, ಕನ್ನಾಬಿಸ್. ಅದರ ಎಲೆ ಭಂಗಿ. ಹೆಣ್ಣು ಗಿಡದ ಹೂತೆನೆ ಗಾಂಜಾ. ತೆನೆ ಮೇಲಿನ ಅಂಟನ್ನು ಬೇರೆ ಮಾಡಿ ಉಂಡೆ ಕಟ್ಟಿದರೆ ಚರಸ್. ನಮ್ಮ ಕಡೆ ಹುಡುಗರು ಎಲ್ಲಕ್ಕೂ "ಸೊಪ್ಪು" ಅಂತಲೇ ಅನ್ನುತ್ತಾರೆ. ಹಾಗನ್ನುವಾಗ ಅದೇನೋ ಸೊಪ್ಪಿನ ಸಾರಿನ ಸಾಮಾನಿನಂತೆ ಕೇಳಿಸುತ್ತದೆ, ಅದೇ ತೊಂದರೆ. ಅಮಲು ಕೊಡುವ ರಾಸಾಯನಿಕ ಟಿ.ಎಚ್.ಸಿ.; 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ ಅದನ್ನು ಬೇರ್ಪಡಿಸಿ ರಚನೆ ತೋರಿಸಿದರು. ಅದು ಹೆಚ್ಚಿರುವುದು ತೆನೆಯ ಮೇಲೆ ಕಣ್ಣಿಗೆ ಸಕ್ಕರೆ ಪುಡಿಯಂತೆ ಕಾಣುವ ಸಣ್ಣ ಗ್ರಂಥಿಗಳಲ್ಲಿ. ಎಲೆಯಲ್ಲಿ ಕಡಿಮೆ, ತೆನೆಯಲ್ಲಿ ಜಾಸ್ತಿ, ಚರಸ್ಸಿನಲ್ಲಿ ಇನ್ನೂ ಜಾಸ್ತಿ.

ಎಷ್ಟು ಜಾಸ್ತಿ ಎಂಬುದರಲ್ಲೇ ಎಲ್ಲ ಇದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲನ್ನು ವರ್ಷವರ್ಷವೂ ಪರೀಕ್ಷಿಸುತ್ತಾರೆ. 1995ರ ಸುಮಾರಿಗೆ ಸರಾಸರಿ ಟಿ.ಎಚ್.ಸಿ. ಶೇಕಡಾ 4ರಷ್ಟಿತ್ತು, 2014ಕ್ಕೆ ಅದು ಶೇಕಡಾ 12 ಆಸುಪಾಸಿಗೆ ಏರಿತ್ತು. ಕಾಗದದಲ್ಲಿ ಸುತ್ತಿ ಸೇದುವ ಒಂದು ಜಾಯಿಂಟ್‌ಗೆ ಸುಮಾರು 0.3 ಗ್ರಾಂ ಸೊಪ್ಪು ಹಿಡಿಯುತ್ತದೆ ಅಂದುಕೊಳ್ಳಿ. ಶೇಕಡಾ 4 ಇದ್ದರೆ ಅದರಲ್ಲಿ 12 ಮಿಲಿಗ್ರಾಂ ಟಿ.ಎಚ್.ಸಿ.; ಶೇಕಡಾ 12 ಇದ್ದರೆ 36 ಮಿಲಿಗ್ರಾಂ. ಕಾಗದ ಅದೇ, ಗಾತ್ರ ಅದೇ, ಒಳಗಿನದು ಮೂರು ಪಟ್ಟು. ಹೋಟೆಲಿನ ಕಾಫಿ ಲೋಟ ಅಷ್ಟೇ ಇಟ್ಟು ಡಿಕಾಕ್ಷನ್ ಮೂರರಷ್ಟು ಮಾಡಿದ ಹಾಗೆ. ರಿಂಗ್ ರೋಡಿನ ಪಕ್ಕ ಪೊಟ್ಟಣ ಕೊಟ್ಟು ಹೋಗುವವನಿಗೂ ತನ್ನ ಮಾಲಿನ ಶೇಕಡಾವಾರು ಗೊತ್ತಿರುವುದಿಲ್ಲ. "ಅಪ್ಪನ ಕಾಲದಲ್ಲೂ ಸೇದ್ತಿದ್ರು, ಏನಾಯ್ತು?" ಎಂದು ಕೇಳುವವರು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರಬಹುದು. ಶಿವನೇ ಸೇದುತ್ತಿದ್ದ ಎನ್ನುವವರೂ ಇದ್ದಾರೆ. ಶಿವ ಹಾಲಾಹಲವನ್ನೂ ಕುಡಿದ. ಅದಕ್ಕೆ ಮಾತ್ರ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ.

ತಲೆಯೊಳಗೆ ಆಗುವುದೇನು

ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುವ ಒಂದು ರಾಸಾಯನಿಕವಿದೆ. 1992ರಲ್ಲಿ ಅದನ್ನು ಕಂಡುಹಿಡಿದಾಗ ಮೆಶುಲಮ್ ಅವರ ತಂಡ ಸಂಸ್ಕೃತದ "ಆನಂದ" ಪದವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟಿತು. ನರಕೋಶಗಳ ಸಂದೇಶ ಜೋರಾದಾಗ "ಸಾಕು, ಸ್ವಲ್ಪ ತಗ್ಗಿಸು" ಎಂದು ಹೇಳುವುದು ಇದರ ಕೆಲಸ. ಬೇಕಾದ ಕಡೆ, ಬೇಕಾದ ಕ್ಷಣಕ್ಕೆ, ಚಿಟಿಕೆಯಷ್ಟು ತಯಾರಾಗಿ ಕೂಡಲೇ ಕರಗಿಹೋಗುತ್ತದೆ. ಇದು ಕೂರುವ ಸಿ.ಬಿ.1 ಎಂಬ ಕೊಂಡಿಗೇ ಟಿ.ಎಚ್.ಸಿ. ಬಂದು ಕೂರುತ್ತದೆ. ಆದರೆ ಅದಕ್ಕೆ ಕಡೆಯೂ ಇಲ್ಲ, ಕ್ಷಣವೂ ಇಲ್ಲ. ಇಡೀ ಮೆದುಳಿಗೆ ಒಟ್ಟಿಗೇ ಹರಡಿ ಗಂಟೆಗಟ್ಟಲೆ ಕೂತಿರುತ್ತದೆ. ಗದ್ದೆಗೆ ಬೇಕಾದಷ್ಟು ನೀರು ಬಿಡಲು ನಾಲೆಗೆ ತೂಬು ಇಟ್ಟಿರುವಾಗ ಏರಿಯನ್ನೇ ಒಡೆದಂತೆ ಎಂದರೆ ಮಂಡ್ಯದವರಿಗೆ ಚೆನ್ನಾಗಿ ಅರ್ಥವಾದೀತು.

ಪರೀಕ್ಷೆಯ ಹಿಂದಿನ ರಾತ್ರಿಯನ್ನೇ ತೆಗೆದುಕೊಳ್ಳಿ. "ಒಂದು ಜಾಯಿಂಟ್ ಹೊಡೆದರೆ ಕಾನ್ಸಂಟ್ರೇಶನ್ ಬರುತ್ತೆ ಸರ್" ಎನ್ನುವವರಿದ್ದಾರೆ. ಅನಿಸುವುದು ನಿಜ. ಪುಸ್ತಕ ತೆರೆದಿರುತ್ತದೆ, ಹಳದಿ ಹೈಲೈಟರ್ ಓಡುತ್ತಿರುತ್ತದೆ, ಒಂದೊಂದು ಸಾಲೂ ಏನೋ ಹೊಸ ಅರ್ಥ ಹೊಳೆಸುತ್ತಿರುತ್ತದೆ. ಪುಟದ ಕೊನೆಗೆ ಬರುವಷ್ಟರಲ್ಲಿ ಮೇಲಿನ ಪ್ಯಾರಾ ಹೋಗಿರುತ್ತದೆ. ಮತ್ತೆ ಮೇಲಿಂದ. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿದ್ದರೆ ಅವನಿಗೆ ಅರ್ಧ ಗಂಟೆ ಓದಿದಂತೆ ಅನಿಸುತ್ತದೆ, ಏಕೆಂದರೆ ಕಾಲದ ಅಂದಾಜೂ ಟಿ.ಎಚ್.ಸಿ.ಗೆ ಸಿಕ್ಕಿ ಎಳೆದಾಡುತ್ತದೆ. ಹಳೆಯ ನೆನಪುಗಳಿಗೆ ಅಷ್ಟಾಗಿ ಏನೂ ಆಗುವುದಿಲ್ಲ. ಹತ್ತನೇ ಕ್ಲಾಸಿನ ಪದ್ಯ ಈಗಲೂ ಬಾಯಿಗೆ ಬರುತ್ತದೆ. ಕೆಡುವುದು ಹೊಸದು ಒಳಗಿಳಿಯುವ ದಾರಿ. ಆ ರಾತ್ರಿ ಓದಿದ್ದನ್ನು ಬೆಳಿಗ್ಗೆ ಹುಡುಕಿದರೆ ಹೈಲೈಟರ್ ಗುರುತು ಮಾತ್ರ ಸಿಗುತ್ತದೆ.

ಒಂದು ದಿನದ ಮಾತಾದರೆ ಇದು ಇಳಿದುಹೋಗುತ್ತದೆ. ದಿನವೂ ಸೇದುವವರಲ್ಲಿ ಮೆದುಳು ತನ್ನನ್ನು ಕಾಪಾಡಿಕೊಳ್ಳಲು ಸಿ.ಬಿ.1 ಕೊಂಡಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಮೊದಲಿನಷ್ಟೇ ಕಿಕ್‌ಗೆ ಹೆಚ್ಚು ಸೊಪ್ಪು ಬೇಕು. ಸೇದದ ಹೊತ್ತಿನಲ್ಲಿ, ಸ್ವಂತ ಆನಂದಮೈಡ್‌ಗೂ ಕೂರಲು ಜಾಗ ಸಾಲದೆ, ಕ್ರಿಕೆಟ್ಟೂ ಬೇಡ ಬಿರಿಯಾನಿಯೂ ಬೇಡ ಎಂಬ ಮಂಕು. ಪೋಷಕರು ಇದನ್ನೇ "ಹುಡುಗ ಸೋಮಾರಿಯಾಗಿಬಿಟ್ಟ" ಎನ್ನುತ್ತಾರೆ.

ಸೇದಿದರೆ ಒಂದು ಗಡಿಯಾರ, ತಿಂದರೆ ಇನ್ನೊಂದು

ಸೇದಿದ ಟಿ.ಎಚ್.ಸಿ. ಶ್ವಾಸಕೋಶದಿಂದ ರಕ್ತಕ್ಕೆ ನಿಮಿಷಗಳಲ್ಲಿ ಹೋಗುತ್ತದೆ. ಹತ್ತರಿಂದ ಮೂವತ್ತು ನಿಮಿಷಕ್ಕೆ ಅಮಲು ತುತ್ತತುದಿ, ಎರಡರಿಂದ ನಾಲ್ಕು ಗಂಟೆಯಲ್ಲಿ ಇಳಿತ. ನಾಡಿ ನಿಮಿಷಕ್ಕೆ 20ರಿಂದ 50 ಬಡಿತ ಏರಬಹುದು. ಕಣ್ಣಿನ ರಕ್ತನಾಳ ಹಿಗ್ಗಿ ಬಿಳಿಗುಡ್ಡೆ ಕೆಂಪಾಗುತ್ತದೆ. ಬಾಯಿ ಒಣಗುತ್ತದೆ. ಕೂತವನು ತಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬಂದು ಬೀಳಬಹುದು. ತಲೆಗೆ ಪೆಟ್ಟು ಬೀಳುವುದು ಹೀಗೆ.

ತಿಂದದ್ದರ ಕಥೆ ಬೇರೆ. ಭಂಗಿ ಗೋಲಿ, ಬ್ರೌನಿ, ಚಾಕೊಲೇಟ್, ಹೋಳಿಯ ದಿನದ ಥಂಡೈ, ಯಾವುದೇ ಇರಲಿ, ಅದು ಹೊಟ್ಟೆಯಿಂದ ಯಕೃತ್ತಿಗೆ ಹೋಗಿ, ಅಲ್ಲಿ 11-ಹೈಡ್ರಾಕ್ಸಿ-ಟಿ.ಎಚ್.ಸಿ. ಎಂಬ ಇನ್ನೂ ಗಟ್ಟಿ ರೂಪ ತಾಳಿ ಮೆದುಳಿಗೆ ಬರುತ್ತದೆ. ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ. ತುದಿ ಮುಟ್ಟಲು ಎರಡರಿಂದ ನಾಲ್ಕು ಗಂಟೆ. ಇಳಿಯಲು ಆರು, ಎಂಟು ಗಂಟೆ, ಕೆಲವರಿಗೆ ಮಾರನೇ ದಿನದವರೆಗೂ. ಎಡವಟ್ಟಾಗುವುದು ಮೊದಲ ಗಂಟೆಯಲ್ಲಿ: "ಏನೂ ಆಗಲೇ ಇಲ್ಲ ಮಗಾ" ಎಂದು ಇನ್ನೊಂದು ಗೋಲಿ, ಅದರ ಮೇಲೆ ಮತ್ತೊಂದು. ಮೂರೂ ಒಟ್ಟಿಗೆ ಏರುವಾಗ ವಾಪಸ್ ತೆಗೆಯುವ ದಾರಿ ಇಲ್ಲ. ಗಾಂಜಾ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿರುವ ಕೆನಡಾದಲ್ಲೇ ತಿನಿಸಿನ ಒಂದು ಪ್ಯಾಕೆಟ್ಟಿಗೆ 10 ಮಿಲಿಗ್ರಾಂ ಟಿ.ಎಚ್.ಸಿ. ಮೀರುವಂತಿಲ್ಲ. ಇಲ್ಲಿ ಅಳೆದು ಕೊಡುವವರು ಯಾರು? ಇಂಥ ತಿನಿಸು ರೂಮಿನಿಂದ ಮನೆಗೆ ಹೋಗಿ ಪುಟ್ಟ ತಮ್ಮ ತಂಗಿಯರ ಬಾಯಿಗೆ ಸಿಕ್ಕರೆ ಮಗು ಎಬ್ಬಿಸಿದರೂ ಏಳದ ಸ್ಥಿತಿಗೆ ಹೋಗಬಹುದು. ಆಗ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಕೈಮೀರಿತು ಅಂದುಕೊಳ್ಳಿ. ಎದೆ ಡಬಡಬ, "ನಾನು ಸಾಯ್ತಾ ಇದೀನಿ" ಎಂಬ ಹೆದರಿಕೆ, ಬೆವರು, ವಾಂತಿ. ಮಾಡಬೇಕಾದದ್ದು ಇಷ್ಟು. ಲೈಟು ಕಡಿಮೆ ಮಾಡಿ, ಸುತ್ತ ನೆರೆದವರನ್ನು ಆಚೆ ಕಳಿಸಿ, ನಂಬಿಕೆಯ ಒಬ್ಬರು ಮಾತ್ರ ಹತ್ತಿರ ಕೂರಿ. "ಇದು ಸೊಪ್ಪಿನ ಕೆಲಸ, ಇಳಿಯುತ್ತೆ, ನಾನಿಲ್ಲೇ ಇದೀನಿ" ಎಂದು ನಿಧಾನವಾಗಿ, ಮತ್ತೆ ಮತ್ತೆ ಹೇಳಿ. ಗುಟುಕು ಗುಟುಕಾಗಿ ನೀರು ಕೊಡಿ. ಮಂಪರಿನಲ್ಲಿದ್ದರೆ ಅಂಗಾತ ಮಲಗಿಸಬೇಡಿ. ಎಡಮಗ್ಗುಲಿಗೆ ತಿರುಗಿಸಿ, ಮೇಲಿನ ಕಾಲು ಮಡಿಸಿ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಹೋಗುವುದಿಲ್ಲ. ನಿಂಬೆರಸ, ಮಜ್ಜಿಗೆ, ಕಪ್ಪು ಕಾಫಿ ಯಾವುದೂ ಅಮಲು ಇಳಿಸುವುದಿಲ್ಲ. ಬಲವಂತವಾಗಿ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ. ತಣ್ಣೀರು ಸುರಿಯಬೇಡಿ, ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಸುತ್ತಿಸಬೇಡಿ.

ಎದೆನೋವು, ಫಿಟ್ಸ್, ಕೂಗಿದರೂ ಕಣ್ಣು ಬಿಡದಿರುವುದು, ಉಸಿರು ನಿಧಾನವಾಗುವುದು, ಮೈ ಕಾದ ಹೆಂಚಿನಂತಾಗುವುದು, ತನಗೋ ಬೇರೆಯವರಿಗೋ ಏನಾದರೂ ಮಾಡಿಕೊಳ್ಳುವ ಮಾತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಅಂಥ ಕಡೆ ಬರೀ ಗಾಂಜಾ ಇರಲಿಕ್ಕಿಲ್ಲ. ಮದ್ಯ, ಮಾತ್ರೆ ಅಥವಾ ಸೊಪ್ಪಿಗೆ ಸಿಂಪಡಿಸಿದ ಕೃತಕ ರಾಸಾಯನಿಕ ಸೇರಿರಬಹುದು. ಟಿ.ಎಚ್.ಸಿ. ಸಿ.ಬಿ.1 ಕೊಂಡಿಯನ್ನು ಅರ್ಧಂಬರ್ಧ ಒತ್ತುತ್ತದೆ, ಈ ಕೃತಕ ರಾಸಾಯನಿಕಗಳು ಪೂರ್ತಿ ಒತ್ತುತ್ತವೆ. ಫಿಟ್ಸ್ ಬರುವುದು, ಸಾಯುವುದು ಅಲ್ಲಿ ಸಾಧ್ಯ. ಕ್ಯಾಶುಯಾಲ್ಟಿಯ ಡಾಕ್ಟರಿಗೆ "ಹೊರಗಡೆ ಊಟ ಮಾಡಿದ್ದ ಸರ್" ಎಂದು ಕಥೆ ಕಟ್ಟಬೇಡಿ. ಏನು, ಎಷ್ಟು, ಎಷ್ಟು ಗಂಟೆಗೆ, ಜೊತೆಗೆ ಇನ್ನೇನು, ಈ ನಾಲ್ಕು ಉತ್ತರ ಸಾಕು. ಸುಳ್ಳು ಹೇಳಿದರೆ ಬೇಡದ ಪರೀಕ್ಷೆಗಳಲ್ಲಿ ಒಂದು ಗಂಟೆ ಹೋಗುತ್ತದೆ.

ವಾಂತಿಯ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಇದನ್ನು ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ತಪ್ಪು ತಿಳಿಯುತ್ತಾರೆ. ವರ್ಷಗಳಿಂದ ದಿನವೂ ಸೇದುವ ಕೆಲವರಿಗೆ ಬಿಟ್ಟು ಬಿಟ್ಟು ವಿಪರೀತ ವಾಂತಿ, ಹೊಟ್ಟೆನೋವು ಬರುತ್ತದೆ. ಎಂಡೋಸ್ಕೋಪಿಯಲ್ಲಿ ಏನೂ ಇರುವುದಿಲ್ಲ. ಗುರುತು ವಿಚಿತ್ರ: ಬಿಸಿನೀರಿನ ಸ್ನಾನ ಮಾಡುವಷ್ಟು ಹೊತ್ತು ಆರಾಮ. ಗೀಸರ್ ಮುಂದೆ ದಿನಕ್ಕೆ ನಾಲ್ಕೈದು ಸಲ ನಿಲ್ಲುವ ಹುಡುಗನ ಬಗ್ಗೆ ಇದನ್ನು ಯೋಚಿಸಬೇಕು. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ಗುರುತಿಸಿದರು. ಮದ್ದು ಒಂದೇ, ಸೇದುವುದನ್ನು ಪೂರ್ತಿ ನಿಲ್ಲಿಸುವುದು.

ವಯಸ್ಸಿನ ಪ್ರಶ್ನೆ

ಹಣೆಯ ಹಿಂದಿನ ಮೆದುಳು ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಪಿಯುಸಿ ಹುಡುಗನ ಮೆದುಳು ಇನ್ನೂ ಸೆಂಟ್ರಿಂಗ್ ಬಿಚ್ಚದ ಮನೆ. ಹಾಗಾಗಿ ಮೂವತ್ತರಲ್ಲಿ ಶುರು ಮಾಡಿದವನಿಗೂ ಹದಿನಾರರಲ್ಲಿ ಶುರು ಮಾಡಿದವನಿಗೂ ಲೆಕ್ಕ ಒಂದೇ ಅಲ್ಲ. ಸೇದಿದವರೆಲ್ಲರನ್ನೂ ತೆಗೆದುಕೊಂಡರೆ ಸುಮಾರು ನೂರಕ್ಕೆ ಒಂಬತ್ತು ಮಂದಿ ಚಟಕ್ಕೆ ಬೀಳುತ್ತಾರೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಹೆಚ್ಚುಕಡಿಮೆ ಆರಕ್ಕೆ ಒಬ್ಬರು. ಆರು ಜನರ ಗುಂಪಿನಲ್ಲಿ ಆ ಒಬ್ಬ ತಾನಲ್ಲ ಎಂದು ಆರೂ ಜನ ನಂಬಿರುತ್ತಾರೆ.

ಬುದ್ಧಿಮತ್ತೆಯ ವಿಷಯದಲ್ಲಿ ಜಗಳವಿದೆ, ಅದನ್ನೂ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ಡನಿಡನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದ 2012ರ ವರದಿಯಲ್ಲಿ, ಹದಿಹರೆಯದಲ್ಲಿ ಶುರು ಮಾಡಿ ವರ್ಷಗಳ ಕಾಲ ಬಿಡದೆ ಸೇದಿದವರು 38ನೇ ವಯಸ್ಸಿಗೆ ಎಂಟು ಐ.ಕ್ಯೂ. ಅಂಕಗಳಷ್ಟು ಕಳೆದುಕೊಂಡಿದ್ದರು. 2016ರಲ್ಲಿ ಅಮೆರಿಕದ ಅವಳಿ ಮಕ್ಕಳ ಅಧ್ಯಯನವೊಂದು, ಸೇದಿದವನ ಐ.ಕ್ಯೂ. ಸೇದದ ಅವಳಿಗಿಂತ ಹೆಚ್ಚೇನೂ ಇಳಿದಿರಲಿಲ್ಲ, ಮನೆಯ ಪರಿಸ್ಥಿತಿಯೂ ಕಾರಣವಿರಬಹುದು ಎಂದಿತು. ಇದನ್ನೇ ಹಿಡಿದು ಹೆದರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮಾನಸಿಕ ಕಾಯಿಲೆಯ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿ. 1987ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಸೈನ್ಯಕ್ಕೆ ಸೇರಿದ 45,570 ಯುವಕರನ್ನು ಹದಿನೈದು ವರ್ಷ ಗಮನಿಸಿತ್ತು. ಹದಿನೆಂಟರೊಳಗೆ ಐವತ್ತಕ್ಕೂ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ್ದು ಕೇಳಿಸುವ, ಇಲ್ಲದ ಸಂಶಯ ಬಲಿಯುವ ತೀವ್ರ ಮಾನಸಿಕ ಕಾಯಿಲೆ, ಸೇದದವರಿಗಿಂತ ಆರು ಪಟ್ಟು. 2019ರಲ್ಲಿ ಯೂರೋಪಿನ ಹಲವು ಊರುಗಳನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ದಿನವೂ ಸೇದುವವರಿಗೆ ಸೈಕೋಸಿಸ್, ಅಂದರೆ ನಿಜದ ಹಿಡಿತ ತಪ್ಪುವ ಸ್ಥಿತಿ, ಬರುವ ಸಾಧ್ಯತೆ ಮೂರು ಪಟ್ಟು, ಗಟ್ಟಿ ಮಾಲನ್ನು ದಿನವೂ ಸೇದುವವರಿಗೆ ಐದರ ಹತ್ತಿರ. ಪಟ್ಟು ಕೇಳಿ ಗಾಬರಿಯಾಗಬೇಡಿ: ಮೂಲದಲ್ಲಿ ಸ್ಕಿಜೋಫ್ರೇನಿಯಾ ನೂರಕ್ಕೆ ಒಬ್ಬರಿಗೆ ಬಂದರೆ ಹೆಚ್ಚು. ಸೇದುವ ಬಹುಪಾಲು ಜನಕ್ಕೆ ಅದು ಬರುವುದಿಲ್ಲ. ಆದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ಆ ಹುಡುಗನ ಅಪಾಯ ಮೊದಲೇ ಮೇಲಿನ ಮೆಟ್ಟಿಲಿನಲ್ಲಿ ನಿಂತಿರುತ್ತದೆ. ಅವನು ಒಂದು ದಮ್ಮೂ ಎಳೆಯಬಾರದು. ನಮ್ಮ ಮನೆಗಳಲ್ಲಿ ಇಂಥದ್ದನ್ನು "ಅವರಿಗೆ ಗಾಳಿ ಸೋಕಿತ್ತು" ಎಂದು ಮುಚ್ಚಿಡುತ್ತಾರೆ. ಮಕ್ಕಳನ್ನು ಹಾಸ್ಟೆಲಿಗೆ ಬಿಡುವ ಮುಂಚೆ ಅದನ್ನು ಹೇಳಿ ಬಿಡಿ. ಜನ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಮೊಬೈಲಿನಲ್ಲಿ ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂಬ ಸಂಶಯ ಅಮಲು ಇಳಿದ ಮೇಲೂ ಉಳಿದರೆ ಆ ವಾರವೇ ಮನೋವೈದ್ಯರ ಹತ್ತಿರ ಹೋಗಬೇಕು.

ತಂಬಾಕಿನ ಮಾತು ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಸೊಪ್ಪನ್ನು ಬಹುತೇಕ ಸಿಗರೇಟಿನ ಅಥವಾ ಬೀಡಿಯ ತಂಬಾಕಿಗೆ ಬೆರೆಸಿಯೇ ಸೇದುತ್ತಾರೆ. ಹಾಗಾಗಿ "ನಾನು ಸಿಗರೇಟ್ ಸೇದಲ್ಲ, ಬರೀ ಸೊಪ್ಪು" ಎನ್ನುವವನಿಗೂ ನಿಕೋಟಿನ್ ಚಟ ಹತ್ತಿರುತ್ತದೆ, ಹೊಗೆಯ ಟಾರ್, ಕಾರ್ಬನ್ ಮೊನಾಕ್ಸೈಡ್ ಎರಡು ಕಡೆಯಿಂದಲೂ ಬರುತ್ತದೆ. ಬಿಡಲು ಹೊರಟಾಗ ಎರಡನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ನಾಲ್ಕನೇ ದಿನ ಸಿಗರೇಟು ಹಚ್ಚಿ, ಆರನೇ ದಿನ ಅದರಲ್ಲಿ ಸೊಪ್ಪು ತುಂಬುತ್ತಾರೆ. ಬೈಕಿನ ವಿಷಯವೂ ಅಷ್ಟೇ ಚಿಕ್ಕದು: ಸೇದಿದ ಮೇಲೆ ಕಡಿಮೆಯೆಂದರೆ ಆರು ಗಂಟೆ, ತಿಂದ ಮೇಲೆ ಆ ದಿನವಿಡೀ ಗಾಡಿ ಮುಟ್ಟಬಾರದು. ಬಿಯರ್ ಜೊತೆ ಸೇದಿದ್ದರೆ ಟಿ.ಎಚ್.ಸಿ. ಮಟ್ಟವೇ ಮೇಲೇರುತ್ತದೆ.

ಕಾನೂನು ಮತ್ತು ಪರೀಕ್ಷೆ

1985ರ ಎನ್.ಡಿ.ಪಿ.ಎಸ್. ಕಾಯ್ದೆ, ಅಂದರೆ ದೇಶದ ಮಾದಕ ವಸ್ತು ಕಾಯ್ದೆ, ಎಲೆ ಮತ್ತು ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ತೆನೆ ಜೊತೆಗಿಲ್ಲದಿದ್ದರೆ ಮಾತ್ರ. ತೆನೆ ಸೇರಿದ್ದರೆ ಎಲೆಯೂ ತೂಕಕ್ಕೆ ಬರುತ್ತದೆ. ಗಾಂಜಾ ಒಂದು ಕಿಲೋವರೆಗೆ "ಸಣ್ಣ ಪ್ರಮಾಣ". ಚರಸ್ ಆದರೆ ನೂರೇ ಗ್ರಾಂ. "ಒಂದು ಕೇಜಿ ಒಳಗಿದ್ರೆ ಏನೂ ಆಗಲ್ಲ" ಎಂಬುದು ಪಿಜಿಗಳಲ್ಲಿ ಹರಿದಾಡುವ ಅರ್ಧ ಜ್ಞಾನ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ ಇದೆ. ಕೈಯಲ್ಲಿ ಏನೂ ಸಿಗದೆ ಸೇದಿದ್ದು ಮಾತ್ರ ಸಾಬೀತಾದರೆ ಸೆಕ್ಷನ್ 27ರಡಿ ಆರು ತಿಂಗಳವರೆಗೆ. ಕಿಲೋ ದಾಟಿ ಇಪ್ಪತ್ತು ಕಿಲೋ ಒಳಗಾದರೆ ಹತ್ತು ವರ್ಷದವರೆಗೆ. ಕಬ್ಬಿನ ಗದ್ದೆ ನಡುವೆಯೋ ಮಹಡಿಯ ಕುಂಡದಲ್ಲೋ ಗಿಡ ಬೆಳೆಸಿದರೆ ತೂಕದ ಪ್ರಶ್ನೆಯೇ ಇಲ್ಲ, ಹತ್ತು ವರ್ಷದವರೆಗೆ ಅವಕಾಶವಿದೆ.

ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಎರಡು ಕಡೆ. ಐದು ಜನ ಇನ್ನೂರಿನ್ನೂರು ಹಾಕಿ ಒಬ್ಬ ತಂದು ಹಂಚುತ್ತಾನೆ. ಕೊಳ್ಳುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಎಲ್ಲವೂ ಒಂದೇ ಸೆಕ್ಷನ್ನಿನಲ್ಲಿವೆ, ಹಾಗಾಗಿ "ನಾನು ಪೆಡ್ಲರ್ ಅಲ್ಲ, ಫ್ರೆಂಡ್ಸ್‌ಗೆ ತಂದೆ" ಎಂಬುದು ಉತ್ತರವಲ್ಲ. ಎರಡನೆಯದು ಗೆಳೆಯನ ಬ್ಯಾಗು. ಒಳಗಿದ್ದದ್ದು ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು ಸೆಕ್ಷನ್ 35 ಆರೋಪಿಯ ಮೇಲೇ ಹಾಕುತ್ತದೆ. ಇದೇ ಕಾಯ್ದೆಯ 64ಎ ಸೆಕ್ಷನ್ ಯಾರ ಕಣ್ಣಿಗೂ ಬೀಳುವುದಿಲ್ಲ: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪದಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ವಕೀಲರನ್ನು ಕಾಣುವಾಗ ಈ ನಂಬರ್ ಹೇಳಿ ಕೇಳಿ.

ಮೂತ್ರ ಪರೀಕ್ಷೆಯ ಪಟ್ಟಿ ತೋರಿಸುವುದು ಅಮಲನ್ನಲ್ಲ. ಟಿ.ಎಚ್.ಸಿ. ಕೊಬ್ಬಿನಲ್ಲಿ ಕರಗಿ ಕೂರುವುದರಿಂದ ಒಂದೇ ಸಲ ಸೇದಿದವನಲ್ಲಿ ಮೂರು ದಿನ, ದಿನವೂ ಸೇದುವವನಲ್ಲಿ ಹತ್ತು ಹದಿನೈದು ದಿನ, ವರ್ಷಗಳ ಗಿರಾಕಿಯಲ್ಲಿ ತಿಂಗಳು ದಾಟಿಯೂ ಪಾಸಿಟಿವ್ ಬರಬಹುದು. ಗ್ಯಾಸ್ಟ್ರಿಕ್‌ಗೆ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆ ಕೆಲವೊಮ್ಮೆ ಈ ಪಟ್ಟಿಯಲ್ಲಿ ಸುಳ್ಳು ಪಾಸಿಟಿವ್ ತೋರಿಸುತ್ತದೆ. ವಾರ್ಡನ್‌ಗಳೇ, ಪಟ್ಟಿ ಹಿಡಿದು ಹುಡುಗನನ್ನು ಹಾಸ್ಟೆಲಿನಿಂದ ಆಚೆ ಹಾಕುವ ಮೊದಲು ಪ್ರಯೋಗಾಲಯದ ದೃಢೀಕರಣ ಪರೀಕ್ಷೆ ಮಾಡಿಸಿ. ಕೆಂಪು ಕಣ್ಣು, ಊದುಬತ್ತಿ ವಾಸನೆ, ನಡುರಾತ್ರಿ ಮ್ಯಾಗಿ, ಇವುಗಳಲ್ಲಿ ಯಾವ ಒಂದೂ ಪುರಾವೆಯಲ್ಲ.

ಬಿಡುವ ಹದಿನಾಲ್ಕು ದಿನ

"ಗಾಂಜಾ ಅಭ್ಯಾಸ ಅಷ್ಟೇ, ಚಟ ಅಲ್ಲ" ಎಂಬುದನ್ನು ಒಂದು ವಾರ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ದಿನವೂ ಸೇದುವವರಿಗೆ ಮೊದಲ ಒಂದೆರಡು ದಿನದಲ್ಲೇ ಸಿಡುಕು ಶುರು. ಎರಡನೇ ದಿನದಿಂದ ಆರನೇ ದಿನ ಕಠಿಣ: ನಿದ್ದೆ ಬರುವುದಿಲ್ಲ, ಬಂದರೆ ಬೆವರು, ಬಣ್ಣಬಣ್ಣದ ಭಯಂಕರ ಕನಸು, ಊಟ ಸೇರುವುದಿಲ್ಲ, ಹೊಟ್ಟೆ ಹಿಂಡುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಎರಡನೇ ವಾರದ ಹೊತ್ತಿಗೆ ಬಹುತೇಕ ಇಳಿಯುತ್ತದೆ. ಕನಸು ಮಾತ್ರ ಇನ್ನೂ ಕೆಲವು ವಾರ ಕಾಡಬಹುದು. ಇದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಗೊತ್ತಿಲ್ಲದವನು "ಸೊಪ್ಪಿಲ್ಲದೆ ನನ್ನ ತಲೆಯೇ ಕೆಟ್ಟುಹೋಯ್ತು, ಅದೇ ನನಗೆ ಔಷಧಿ" ಎಂದುಕೊಂಡು ಐದನೇ ದಿನ ಮತ್ತೆ ಹಚ್ಚುತ್ತಾನೆ. ಎರಡು ದಿನ ತಡೆದಿದ್ದರೆ ಇಳಿಜಾರು ಸಿಗುತ್ತಿತ್ತು.

ಆದ್ದರಿಂದ ದಿನಾಂಕ ಆರಿಸುವಾಗ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ವಾರ ಬೇಡ. ಮೂರು ವಾರ ಮುಂಚೆ ಇರಲಿ. ಹಿಂದಿನ ಸಂಜೆ ಕಾಗದ, ಚಿಲುಮೆ, ಲೈಟರ್, ಪೊಟ್ಟಣ, ತಂದುಕೊಡುವವನ ನಂಬರ್ ಎಲ್ಲ ಹೋಗಬೇಕು. "ಕೊನೆಗೆ ಒಂದು ಇರಲಿ" ಎಂದು ಇಟ್ಟ ಪೊಟ್ಟಣವೇ ಮೂರನೇ ರಾತ್ರಿ ಕೈಗೆ ಬರುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ ಟೀ ಬೇಡ. ಊಟ ಸೇರದಿದ್ದರೆ ರಾಗಿ ಅಂಬಲಿ, ಮಜ್ಜಿಗೆ ಅನ್ನ, ಬಾಳೆಹಣ್ಣು, ಸ್ವಲ್ಪಸ್ವಲ್ಪವಾಗಿ ಐದು ಸಲ. ಸೇದಬೇಕೆಂಬ ಒತ್ತಡ ಅಲೆಯಂತೆ ಬಂದು ಸಾಮಾನ್ಯವಾಗಿ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ರೂಮಿನಲ್ಲಿ ಕೂರಬಾರದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಿರಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಮೈ ದಣಿದರೆ ರಾತ್ರಿಯ ನಿದ್ದೆಗೂ ಒಳ್ಳೆಯದು. ನಿದ್ದೆ ಬರಲಿಲ್ಲವೆಂದು ಮೆಡಿಕಲ್ ಶಾಪಿನಿಂದ ಅಲ್‌ಪ್ರಜೋಲಾಮ್ ತಂದು ನುಂಗಬೇಡಿ, ಅದು ಬೇರೊಂದು ಬಾವಿ. ತಂಬಾಕಿಗೆ ನಿಕೋಟಿನ್ ಗಮ್ ಬಳಸಬಹುದು.

ಸಿಗುವುದೇನೆಂದರೆ, ಕಡಿಮೆಯಾಗಿದ್ದ ಸಿ.ಬಿ.1 ಕೊಂಡಿಗಳು ನಾಲ್ಕು ವಾರದ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬರುತ್ತವೆಂದು 2012ರ ಸ್ಕ್ಯಾನ್ ಅಧ್ಯಯನ ತೋರಿಸಿದೆ. 16ರಿಂದ 25 ವಯಸ್ಸಿನವರ ಮೇಲೆ ನಡೆದ 2018ರ ಇನ್ನೊಂದು ಅಧ್ಯಯನದಲ್ಲಿ ಒಂದು ತಿಂಗಳು ಬಿಟ್ಟವರ ಕಲಿಕೆಯ ಶಕ್ತಿ ಸುಧಾರಿಸಿತು, ಅದರಲ್ಲೂ ಹೆಚ್ಚಿನದು ಮೊದಲ ವಾರದಲ್ಲೇ.

ಒಬ್ಬರೇ ಮಾಡಲಾಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಗಾಂಜಾ ಚಟಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಕೆಲಸ ಮಾಡುವುದು ಆಪ್ತಸಮಾಲೋಚನೆ, ಹೆಚ್ಚಿನವರಿಗೆ ಒ.ಪಿ.ಡಿ.ಗೆ ಬಂದು ಹೋದರೆ ಸಾಕು. ಮೂರು ತಿಂಗಳು ಕೂಡಿಹಾಕುವ ಖಾಸಗಿ ಕೇಂದ್ರಕ್ಕೆ ಲಕ್ಷ ಸುರಿಯುವ ಮೊದಲು, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಡಾಕ್ಟರ ಹತ್ತಿರ ಹೋದರೆ ಪೊಲೀಸರಿಗೆ ಹೇಳುತ್ತಾರೆಂಬ ಭಯ ಹುಡುಗರಲ್ಲಿದೆ. ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿಡಬೇಕೆಂಬುದು ಅದೇ ಕಾಯ್ದೆಯಲ್ಲಿದೆ.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡು.

"ಕ್ಯಾನ್ಸರಿಗೆ, ಫಿಟ್ಸ್‌ಗೆ ಗಾಂಜಾ ಔಷಧಿ ಅಂತಾರಲ್ಲ?" ಗಿಡದ ಸಿ.ಬಿ.ಡಿ. ಎಂಬ ಅಮಲಿಲ್ಲದ ಅಂಶದಿಂದ ಮಾಡಿದ ಶುದ್ಧ ಔಷಧಿಗೆ ಮಕ್ಕಳ ಕೆಲವು ಅಪರೂಪದ ಫಿಟ್ಸ್ ಕಾಯಿಲೆಗಳಿಗೆಂದು 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ, ಕೀಮೋಥೆರಪಿಯ ವಾಂತಿಗೆ ಟಿ.ಎಚ್.ಸಿ. ಹೋಲುವ ಮಾತ್ರೆಗಳೂ ಇವೆ. ಮನೆ ಮುಂದಿನ ಕಾಶಿಕಣಗಿಲೆಯಿಂದ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ಬಂದಿದೆ. ಅದಕ್ಕೆಂದು ಯಾರೂ ಕಾಶಿಕಣಗಿಲೆ ಹೂವನ್ನು ಸುತ್ತಿ ಸೇದುತ್ತಿಲ್ಲ.

"ಮಗನ ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕಿದರೆ ಆ ರಾತ್ರಿ ಏನು ಮಾಡಬೇಕು?" ಆ ರಾತ್ರಿ ಏನೂ ಬೇಡ. ಅಮಲಿನಲ್ಲಿರುವವನಿಗೆ ಹೇಳಿದ ಬುದ್ಧಿಮಾತು ಬೆಳಿಗ್ಗೆ ನೆನಪಿರುವುದಿಲ್ಲ, ಕಾರಣ ಆಗಲೇ ಹೇಳಿದೆ. ಊಟ ಹಾಕಿ ಮಲಗಿಸಿ. ಬೆಳಿಗ್ಗೆ ಅವನೊಬ್ಬನಿದ್ದಾಗ, ಅಜ್ಜಿ, ಚಿಕ್ಕಪ್ಪಂದಿರನ್ನು ಸೇರಿಸದೆ, ಕಾಫಿ ಕೊಟ್ಟು ಸಿಕ್ಕಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ. "ಯಾರು ಕೊಟ್ಟಿದ್ದು?" ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಅವನು ಗೆಳೆಯನನ್ನು ಕಾಪಾಡಲು ಸುಳ್ಳು ಹೇಳುತ್ತಾನೆ, ಮಾತು ಅಲ್ಲಿಗೇ ಮುಗಿಯುತ್ತದೆ. "ರಾತ್ರಿ ಹೊತ್ತು ನಿದ್ದೆ ಬರುತ್ತೇನೋ ಮಗ?" ಎಂದು ಕೇಳಿ ನೋಡಿ. ದಿನವೂ ಸೇದುವವರಲ್ಲಿ ಎಷ್ಟೋ ಜನ ಶುರು ಮಾಡಿರುವುದು ನಿದ್ದೆಗೆ, ಇಲ್ಲವೇ ಎದೆಯ ಕಳವಳಕ್ಕೆ. ಅದಕ್ಕವನು ಉತ್ತರ ಕೊಟ್ಟರೆ, ಒ.ಪಿ.ಡಿ.ಯಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯ ಉತ್ತರ ನಿಮ್ಮ ಕೈಯಲ್ಲಿರುತ್ತದೆ.